ಹನ್ನೊಂದನೆಯ ಹುಡುಗಿ

ಒಂದು ಜವಾಬ್ದಾರಿಯನ್ನು ಮೂವರಿಗೆ ಹಂಚಿದರೆ ಇಬ್ಬರಾದರೂ ನಿಶ್ಚಿಂತರಾಗಿ ಇರುತ್ತಾರೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಸ್ವತಃ ಮಾಡಿ ಕಲಿತಿದ್ದೇನೆ.

ನಿಜಾಮರ ಆಡಳಿತ ಹೋದ ಮರುವರ್ಷ ನಾನು ಕಲ್ಯಾಣದಿಂದ ಹುಮನಾಬಾದಿನ ಶಾಲೆಗೆ ವರ್ಗವಾಗಿ ಬಂದೆ. ಮಾಣಿಕನಗರದ ಕಡೆಯಿಂದ ಹನ್ನೊಂದು ಹುಡುಗಿಯರು ನಡೆದು ಬರುತ್ತಿದ್ದರು. ನಡುವೆ ಸೋಲಾಪುರದ ದೊಡ್ಡ ರಸ್ತೆ. ಒಂದು ದಿನ ಲಾರಿಯೊಂದು ಹುಡುಗಿಯೊಬ್ಬಳ ಪಾಟಿಚೀಲವನ್ನು ಸವರಿಕೊಂಡು ಹೋಯಿತು. ಹುಡುಗಿಗೆ ಏನೂ ಆಗಲಿಲ್ಲ, ಆದರೆ ಮರುದಿನದಿಂದ ಹನ್ನೊಂದು ಮಂದಿಯೂ ಬರಲಿಲ್ಲ.

ಹೆಡ್‌ಮಾಸ್ತರರು ಸಭೆ ಕರೆದರು. ಠಾಣೆಯಿಂದ ಜಮಾದಾರರು ಬಂದರು. ಮನೆಯವರ ಪರವಾಗಿ ರಜಿಯಾ ಎಂಬ ಒಂಬತ್ತು ವರ್ಷದ ಹುಡುಗಿಯ ಅಜ್ಜಿ ಬಂದರು. ಅವರನ್ನು ಊರೆಲ್ಲ ನಾನಿ ಎನ್ನುತ್ತಿತ್ತು. ಸಂಜೆ ನಾನು ಹುಡುಗಿಯರನ್ನು ಎಣಿಸಿ ರಸ್ತೆಯವರೆಗೆ ತರಬೇಕು, ಜಮಾದಾರರು ಲಾರಿ ನಿಲ್ಲಿಸಿ ದಾಟಿಸಬೇಕು, ಆಚೆ ಬದಿಯಲ್ಲಿ ನಾನಿ ಎಣಿಸಿ ಕರೆದೊಯ್ಯಬೇಕು ಎಂದು ತೀರ್ಮಾನವಾಯಿತು. ಮೂರು ವಾರ ನಾನು "ಹನ್ನೊಂದು" ಅಂದೆ. ಜಮಾದಾರರು ಮಾಸ್ತರರ ಮಾತೆಂದು ನಂಬಿದರು. ನಾಲ್ಕನೆಯ ವಾರದಿಂದ ನಾನು ಎಣಿಸುವುದನ್ನು ಬಿಟ್ಟು "ಹನ್ನೊಂದು" ಅನ್ನುವುದನ್ನಷ್ಟೇ ಉಳಿಸಿಕೊಂಡೆ.

ನಾನಿ ಮಾತ್ರ ಎಣಿಸುತ್ತಿದ್ದರು. ಒಂದು ಸಂಜೆ ಆಚೆಯಿಂದ ಕೂಗಿದರು: "ಮಾಸ್ತರ್ರ, ಹತ್ತೇ ಅದಾರಲ್ರಿ. ನಮ್ಮ ರಜಿಯಾ ಎಲ್ಲಿ?"

ಜಮಾದಾರರು ಸೀಟಿ ಊದಿ ಎರಡೂ ದಿಕ್ಕಿನ ಬಂಡಿ, ಲಾರಿ ಎಲ್ಲವನ್ನೂ ತಡೆದರು. ಘಾಟಬೋರಾಳದ ರೈತನೊಬ್ಬ ಬಂಡಿಯಲ್ಲಿದ್ದ ಕಡಲೆಹೊಟ್ಟನ್ನು ಪೂರ್ತಿ ಇಳಿಸಿ ತೋರಿಸಬೇಕಾಯಿತು. ನಾನು ರಸ್ತೆಬದಿಯ ಬಾವಿಯೊಳಗೆ ಎರಡು ಸಲ ಇಣುಕಿದೆ. ನಾನಿ ಅಳಲಿಲ್ಲ, ಬೈಯಲಿಲ್ಲ. "ಕಡೀಕ ಆಕೀನ್ನ ಎಲ್ಲಿ ನೋಡೀರಿ?" ಎಂದು ಕೇಳಿದರು.

"ಕ್ಲಾಸಿನ್ಯಾಗ."

"ಹಂಗಾರ ಅಲ್ಲೇ ನೋಡೂಣು ಬರ್ರಿ."

ಕ್ಲಾಸಿಗೆ ಬೀಗ ಹಾಕಿತ್ತು. ಹಾಕಿದವನು ನಾನೇ. ತೆಗೆದಾಗ ರಜಿಯಾ ಮೂಲೆಯಲ್ಲಿ ಪಾಟಿ ಹಿಡಿದು ಕೂತಿದ್ದಳು.

"ಕೂಗಬಾರದೇನ ಅವ್ವಾ?" ಎಂದೆ.

"ಲೆಕ್ಕ ಮುಗಿಯೂತನಕ ಏಳಬ್ಯಾಡ, ಮಾತಾಡಬ್ಯಾಡ ಅಂದಿದ್ರಲ್ರಿ. ತೊಟ್ಟಿ ತುಂಬವಲ್ದರಿ. ಬರೂ ನೀರಿಗಿಂತ ಹೋಗೂ ನೀರೇ ಹೆಚ್ಚದ."

ಪಾಟಿ ನೋಡಿದೆ. ಎರಡು ನಳಗಳ ಅಂಕಿಗಳನ್ನು ನಾನು ಅದಲುಬದಲು ಬರೆದುಕೊಟ್ಟಿದ್ದೆ. ಆ ತೊಟ್ಟಿ ಯಾವ ಕಾಲಕ್ಕೂ ತುಂಬುವಂತಿರಲಿಲ್ಲ.

ನಾನಿ ಮೊಮ್ಮಗಳನ್ನು ಎಳೆದು ಅಪ್ಪಿಕೊಂಡರು. ಇನ್ನು ಹನ್ನೊಂದು ಹುಡುಗಿಯರ ಓದು ಮುಗಿಯಿತು ಎಂದುಕೊಂಡೆ. ನಮ್ಮ ಹಿಂದೆಯೇ ಬಂದಿದ್ದ ಜಮಾದಾರರು ಅಂಜುತ್ತ, "ನಾಳಿ ಕಳಸ್ತೀರೇನ್ರಿ ನಾನಿ?" ಎಂದರು.

"ಕಳಸ್ತೇನಿ. ರಸ್ತಾಕ್ಕ ನೀವ ಅದೀರಿ. ಕೀಲಿ ಮಾತ್ರ ರಜಿಯಾನ ಕಡೆ ಇರ್ಲಿ."

ಮರುದಿನ ಹೆಡ್‌ಮಾಸ್ತರರು ಕ್ಷಣವೂ ತಡಮಾಡದೆ ಒಪ್ಪಿದ್ದರಿಂದ ನನಗೆ ಸ್ವಲ್ಪ ನೋವಾಯಿತು. ಅಂದಿನಿಂದ ಸಂಜೆ ರಜಿಯಾ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಮೂಲೆ ಮೂಲೆ ನೋಡಿ ಬೀಗ ಹಾಕುತ್ತಾಳೆ. ಆಮೇಲೆ ಬೆರಳು ತೋರಿಸುತ್ತ ಎಣಿಸುತ್ತಾಳೆ. ಅವಳ ಎಣಿಕೆ ಹನ್ನೆರಡಕ್ಕೆ ಮುಗಿಯುತ್ತದೆ. ಹನ್ನೆರಡನೆಯವನು ಸಾಲಿನಿಂದ ಆಚೀಚೆ ಸರಿಯದೆ ನಿಂತಿರುತ್ತಾನೆ.