ಒಂಬತ್ತನೇ ವಿಷಯಕ್ಕೆ ವಿರೋಧ

ಹೊಳೆಮ್ಮ ಊರಲ್ಲಿದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಪಂಚಾಯತಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಸಭೆಯ ತಿಳುವಳಿಕೆ ಪತ್ರವನ್ನು ಆಕೆ ತಪ್ಪದೆ ಒಲೆ ಹೊತ್ತಿಸಲು ಬಳಸುತ್ತಿದ್ದಳು. ಹೀಗಾಗಿ ಆಕೆಯ ಗಂಡ, ಕಾಲುವೆ ಓಣಿಯ ಮೆಂಬರು ತಾಯಪ್ಪ, ಎರಡು ವರ್ಷಗಳಲ್ಲಿ ಅದನ್ನು ಒಮ್ಮೆಯೂ ಓದಿರಲಿಲ್ಲ. ಆದರೆ ಹಿಂದಿನ ದಿನ ಆಕೆ ಸಂಡೂರಿಗೆ, ತಂಗಿಯ ಮನೆಗೆ ಹೋಗಿದ್ದಳು. ಬೆಳಿಗ್ಗೆ ಚಹಾ ಕಾಸಿಕೊಳ್ಳಲು ತಾಯಪ್ಪನೇ ಒಲೆಯ ಮುಂದೆ ಕೂತ. ಕಟ್ಟಿಗೆ ಹಸಿಯಾಗಿತ್ತು. ಮೂರು ಕಡ್ಡಿ ಗೀರಿದರೂ ಹತ್ತಲಿಲ್ಲ. ನಾಲ್ಕನೆಯದನ್ನು ಗೀರುವ ಮೊದಲು ಕೈಯಲ್ಲಿದ್ದ ಕಾಗದದ ಮೇಲೆ ಸುಮ್ಮನೆ ಕಣ್ಣಾಡಿಸಿದ.

ಹದಿನಾಲ್ಕು ವಿಷಯಗಳಿದ್ದವು. ಬೀದಿ ದೀಪಕ್ಕೆ ಬಲ್ಬು, ಚರಂಡಿಯ ಹೂಳು, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು, ಕಚೇರಿಗೆ ಶಾಯಿ. ಒಂಬತ್ತನೆಯದು ಹೀಗಿತ್ತು: ‘ಸದಸ್ಯರಾದ ಶ್ರೀ ತಾಯಪ್ಪ ಇವರ ಅನುಭವದಲ್ಲಿರುವ ಕಣದ ಜಾಗದ ವಿಷಯ.’

ಅದನ್ನು ಅವನು ಮೂರು ಸಲ ಓದಿದ. ಚಹಾದ ಆಸೆ ಹಾರಿಹೋಯಿತು.

ಕಂಪ್ಲಿ ರಸ್ತೆಯ ಆ ಊರಿನ ಹೆಸರು ಬೇಡ, ಹೇಳಿದರೆ ಊರಿನವರು ಜಗಳಕ್ಕೆ ಬರುತ್ತಾರೆ. ಡ್ಯಾಮಿನ ನೀರು ಬಂದ ಮೇಲೆ ಅಲ್ಲಿ ಕಾಲುವೆಯ ಕೆಳಗೆ ಒಂದಡಿ ನೆಲವೂ ಖಾಲಿ ಉಳಿದಿರಲಿಲ್ಲ, ಎಲ್ಲೆಲ್ಲೂ ಭತ್ತ ಮತ್ತು ಕಬ್ಬು. ತಾಯಪ್ಪನಿಗೆ ಎರಡೆಕರೆ ಭತ್ತ. ಅವನ ಮನೆಯ ಹಿಂದೆ ಪಂಚಾಯತಿಗೆ ಸೇರಿದ ಒಂದು ತುಂಡು ಜಾಗವಿತ್ತು. ಹನ್ನೆರಡು ವರ್ಷದಿಂದ ಅದನ್ನೇ ಸಾರಿಸಿ ಕಣ ಮಾಡಿಕೊಂಡು ಭತ್ತ ಬಡಿಯುತ್ತಿದ್ದ. ಕೈಯಲ್ಲಿ ಕಾಗದಪತ್ರ ಏನೂ ಇರಲಿಲ್ಲ. ಇನ್ನು ಹದಿನೈದು ದಿನಕ್ಕೆ ಕೊಯ್ಲು. ಕಣ ಹೋದರೆ ಕೊಯ್ದ ಭತ್ತವನ್ನು ತಲೆಯ ಮೇಲೆ ಹೊತ್ತುಕೊಂಡು ನಿಲ್ಲಬೇಕಿತ್ತು. ಅದೂ ಅಲ್ಲದೆ ಹೋದ ವಾರವಷ್ಟೇ ಅಕ್ಕಿ ಗಿರಣಿಯ ಜಂಬಪ್ಪ ಅಲ್ಲಿ ಟೇಪು ಹಿಡಿದು ಅಡ್ಡಾಡಿದ್ದ. ಯಾಕೆಂದು ಕೇಳಿದ್ದಕ್ಕೆ ಹವಾ ಚಲೋ ಐತಿ ಅಂದಿದ್ದ.

ತಾಯಪ್ಪ ಕಾಗದ ಹಿಡಿದುಕೊಂಡು ಪಕ್ಕದ ಮನೆಯ ಭರಮಣ್ಣನ ಕಟ್ಟೆಗೆ ಓಡಿದ. ಭರಮಣ್ಣ ಹೊಸಪೇಟೆಯ ಕೋರ್ಟಿನಲ್ಲಿ ಅಮೀನನಾಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಮಂದಿಯ ಬಾಗಿಲಿಗೆ ನೋಟೀಸು ಅಂಟಿಸಿದ್ದರಿಂದ ಕಾನೂನೆಲ್ಲ ತನ್ನ ಕೈಗೆ ಅಂಟಿಕೊಂಡಿದೆ ಎಂದು ನಂಬಿದ್ದ, ಓಣಿಯವರನ್ನೂ ನಂಬಿಸಿದ್ದ. ಕನ್ನಡಕ ಏರಿಸಿ ಓದಿ, ಕನ್ನಡಕ ಇಳಿಸಿ ಹೇಳಿದ.

“ನಿನ್ನ ಕಣ ಜಂಬಪ್ಪನ ಗೋಡೌನಿಗೆ ಹೊಂಟೈತಿ, ತಾಯಪ್ಪ. ಹನ್ನೊಂದು ಮಂದಿ ಮೆಂಬರು ಅದೀರಿ. ಆರು ಕೈ ವಿರೋಧ ಎದ್ದರ ಉಳೀತೈತಿ. ನಿಂದು ಒಂದು ಐತಿ, ಇನ್ನೈದು ಜೋಡಿಸು. ಒಂದು ಮಾತು ನೆನಪಿಡು. ಅಂಜಿನಯ್ಯಗ ಓದಾಕ ಮಾತ್ರ ಬಿಡಬ್ಯಾಡ. ಸರಕಾರಿ ಕನ್ನಡ ಕಿವಿಗೆ ಬಿತ್ತಂದ್ರ ನಮ್ಮ ಮೆಂಬರು ನಿದ್ದಿಗೆ ಬೀಳ್ತಾರ, ನಿದ್ದಿಗಣ್ಣಾಗ ಹೂಂ ಅಂತಾರ. ಚೇರ್ಮನ್ರು ‘ಇದು ನಿನ್ನ ಒಳ್ಳೇದಕ್ಕ’ ಅಂತಾರ, ಅದನ್ನೂ ನಂಬಬ್ಯಾಡ.”

ಓದುವ ವಿಚಾರದಲ್ಲಿ ಭರಮಣ್ಣ ಸುಮ್ಮನೆ ಹೆದರಿದ. ಆ ಪಂಚಾಯತಿಯಲ್ಲಿ ಯಾವುದನ್ನೂ ಓದುವ ಪದ್ಧತಿಯೇ ಇರಲಿಲ್ಲ. ಸಭೆ ಮೂರಕ್ಕೆ. ಕಾರ್ಯದರ್ಶಿ ಅಂಜಿನಯ್ಯನ ಹೊಸಪೇಟೆ ಬಸ್ಸು ನಾಲ್ಕೂವರೆಗೆ. ಅವನು ವಿಷಯದ ನಂಬರು ಹೇಳುವನು, ಮೆಂಬರುಗಳು ‘ಆತು’ ಅನ್ನುವರು. ಎದುರಿನ ಅಂಗಡಿಯಿಂದ ಮಂಡಾಳು, ಮಿರ್ಚಿ ಬರುವ ಹೊತ್ತಿಗೆ ಊರಿನ ಒಂದು ತಿಂಗಳ ಖರ್ಚುವೆಚ್ಚ, ಆಸ್ತಿಪಾಸ್ತಿ ಎಲ್ಲ ಇತ್ಯರ್ಥವಾಗಿರುತ್ತಿತ್ತು. ತಾಯಪ್ಪ ಎರಡು ವರ್ಷ ಉಳಿದವರ ಜೊತೆ ನಿಯತ್ತಾಗಿ ‘ಆತು’ ಅಂದಿದ್ದ. ಇವತ್ತು ಮಾತ್ರ ಪ್ರಾಣ ಹೋದರೂ ‘ಬ್ಯಾಡ’ ಅನ್ನುವುದೇ ಸೈ ಎಂದು ತೀರ್ಮಾನಿಸಿ, ಇಸ್ತ್ರಿ ಮಾಡಿದ ಒಂದೇ ಒಂದು ಧೋತರ ಉಟ್ಟು ಹೊರಟ.

ಮೊದಲು ಸಿಕ್ಕ ಮೆಂಬರು ದುರುಗಣ್ಣ. ಕಾಲುವೆಯಲ್ಲಿ ಎಮ್ಮೆ ತೊಳೆಯುತ್ತಿದ್ದ. ವಿಷಯ ಕೇಳಿ, ಕೈ ಎತ್ತುವುದೇನು ದೊಡ್ಡ ಮಾತಲ್ಲ, ಆದರೆ ಎಮ್ಮೆ ನೀರಿನಿಂದ ಮೇಲೇಳುತ್ತಿಲ್ಲ, ತಾನು ಹಗ್ಗ ಜಗ್ಗುತ್ತೇನೆ, ನೀನು ಹಿಂದಿನಿಂದ ನೂಕು ಅಂದ. ತಾಯಪ್ಪ ಧೋತರ ಎತ್ತಿ ಕಟ್ಟಿ ಮೊಣಕಾಲು ನೀರಿಗಿಳಿದ. ಅರ್ಧ ತಾಸು ನೂಕಿದ. ಎಮ್ಮೆ ಮನಸ್ಸು ಮಾಡಿ ಒಮ್ಮೆಲೇ ಎದ್ದಾಗ ತಾಯಪ್ಪ ಅದು ಮಲಗಿದ್ದ ಜಾಗದಲ್ಲೇ ಮಲಗಿದ್ದ. ಆದರೇನು, ಒಂದು ಕೈ ಸಿಕ್ಕಿತು.

ಕೆಸರು ಧೋತರದಲ್ಲೇ ಬಸಕ್ಕನ ಮನೆಗೆ ಹೋದ. ಬಸಕ್ಕ, ಎಲ್ಲಮ್ಮ ಇಬ್ಬರೂ ಹೆಣ್ಣುಮಕ್ಕಳ ಸೀಟಿನಿಂದ ಬಂದ ಮೆಂಬರುಗಳು, ಎದುರುಬದುರು ಮನೆಯವರು. ಪಂಚಾಯತಿಯ ಬುಕ್ಕು ಅವರ ಮನೆಗೇ ಬರುತ್ತಿತ್ತು, ಅವರು ಹೆಬ್ಬೆಟ್ಟು ಒತ್ತುತ್ತಿದ್ದರು, ಅಷ್ಟೇ. ಬಸಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ತನ್ನ ಷರತ್ತು ಹೇಳಿದಳು.

“ಬರ್ತೀನಿ ತಮ್ಮಾ. ಆದ್ರ ಹೊಸ್ತಿಲದಾಗ ನಿಂದ್ರಾಕ ಬರಂಗಿಲ್ಲ. ನಂಗೊಂದು ಕುರ್ಚಿ ಇರಬೇಕು.”

ಎದುರು ಬಾಗಿಲಿನಿಂದ ಎಲ್ಲಮ್ಮ ತನಗೂ ಒಂದಿರಲಿ ಅಂದಳು. ಕಚೇರಿಯಲ್ಲಿದ್ದದ್ದು ಚೇರ್ಮನ್ನರದೊಂದು, ಅಂಜಿನಯ್ಯನದೊಂದು, ಕಾಲು ಮುರಿದದ್ದೊಂದು. ಉಳಿದವರು ಬೆಂಚಿನವರು. ತಾಯಪ್ಪ ಮತ್ತೆ ಭರಮಣ್ಣನ ಮನೆಗೆ ಹೋಗಿ ಎರಡು ಕುರ್ಚಿ ಬೇಡಿ, ತಲೆಯ ಮೇಲೆ ಹೊತ್ತು ಊರ ನಡುವೆ ಬಂದ. ದಾರಿಯಲ್ಲಿ ಒಬ್ಬರು ಯಾರ ಮದುವೆ ಎಂದು ಕೇಳಿದರು. ಇನ್ನೊಬ್ಬರು ಜಪ್ತಿ ಯಾರ ಮನೆಯದು ಅಂದರು.

ಬೇಕಾದ ಐವರಲ್ಲಿ ಉಳಿದವರು ಗುಡ್ಡಪ್ಪ ಮತ್ತು ಹುಲುಗಪ್ಪ, ಅಣ್ಣತಮ್ಮಂದಿರು. ಒಂದು ಬದುವಿನ ಮೇಲೆ ಜಗಳವಾಗಿ ಮೂರು ವರ್ಷದಿಂದ ಮಾತಿರಲಿಲ್ಲ. ಒಬ್ಬ ಬಂದ ಸಭೆಗೆ ಇನ್ನೊಬ್ಬ ಬರುತ್ತಿರಲಿಲ್ಲ. ತಾಯಪ್ಪ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಎಂದೇನೂ ಅಲ್ಲ, ಆದರೆ ಒಂದೇ ದಿನ ಎರಡು ಹೇಳಿದ್ದು ಅದೇ ಮೊದಲು. ನಿನ್ನ ತಮ್ಮ ಮರಿಯಮ್ಮನಹಳ್ಳಿಗೆ ಹೋಗಿದ್ದಾನೆಂದು ಗುಡ್ಡಪ್ಪನಿಗೆ ಹೇಳಿದ. ನಿನ್ನ ಅಣ್ಣನಿಗೆ ಜ್ವರವೆಂದು ಹುಲುಗಪ್ಪನಿಗೆ ಹೇಳಿದ.

ಮೂರಕ್ಕೆ ಸರಿಯಾಗಿ ಅಣ್ಣತಮ್ಮಂದಿರು ಕಚೇರಿಯ ಬಾಗಿಲಲ್ಲೇ ಎದುರಾದರು. ಇಬ್ಬರೂ ತಾಯಪ್ಪನನ್ನು ನೋಡಿದ ನೋಟ ಚೆನ್ನಾಗಿರಲಿಲ್ಲ. ಆದರೆ ಮೊದಲು ವಾಪಸು ಹೋದವನು ಸೋತಂತೆ ಎಂದು ಇಬ್ಬರಿಗೂ ಅನ್ನಿಸಿದ್ದರಿಂದ ಇಬ್ಬರೂ ಒಳಗೆ ಬಂದು ಬೆಂಚಿನ ಎರಡು ತುದಿಗೆ ಕೂತರು. ಬಸಕ್ಕ, ಎಲ್ಲಮ್ಮ ಸೆರಗು ಹೊದ್ದು ಕುರ್ಚಿಗಳಲ್ಲಿ ಗಟ್ಟಿಯಾಗಿ ಕೂತರು. ಹನ್ನೊಂದಕ್ಕೆ ಹನ್ನೊಂದು ಮಂದಿ ಹಾಜರಾದದ್ದನ್ನು ಕಂಡು ಅಂಜಿನಯ್ಯನಿಗೆ ಬಸ್ಸಿನ ಚಿಂತೆ ಹತ್ತಿತು. ಚೇರ್ಮನ್ ಉಚ್ಚೆಂಗಪ್ಪ ಮಾತ್ರ ಇಂಥ ಸಭೆ ತಮ್ಮ ಕಾಲದಲ್ಲಿ ಆಗಿರಲಿಲ್ಲವೆಂದು ಸಂತೋಷಪಟ್ಟರು. ಭರಮಣ್ಣ ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದ.

ಮೊದಲನೆಯದು ಹಿಂದಿನ ಸಭೆಯ ನಡವಳಿಯನ್ನು ಒಪ್ಪುವುದು. ಯಾರ ಸೂಚನೆ ಎಂದು ಬರೆದುಕೊಳ್ಳಲಿ ಎಂದು ಅಂಜಿನಯ್ಯ ಕೇಳಿದ. ಒಂಬತ್ತನೆಯದಕ್ಕೆ ಬೇಗ ಮುಟ್ಟಬೇಕೆಂಬ ಅವಸರದಲ್ಲಿ ತಾಯಪ್ಪ ನನ್ನದೇ ಬರೆದುಕೊಳ್ಳಿ ಅಂದ. ಎರಡರಿಂದ ಎಂಟರವರೆಗೆ ಬಲ್ಬು, ಹೂಳು, ಬ್ಲೀಚಿಂಗ್ ಪೌಡರು ಎಲ್ಲ ಸರಾಗವಾಗಿ ದಾಟಿದವು. ಅಂಜಿನಯ್ಯ ಒಂಬತ್ತು ಎನ್ನುತ್ತಲೇ ತಾಯಪ್ಪ ಎದ್ದು ನಿಂತ. ಒಣಗಿದ ಕೆಸರು ಧೋತರದಿಂದ ಉದುರುತ್ತಿತ್ತು.

“ಇದಕ್ಕ ನಂದು ವಿರೋಧ ಐತ್ರೀ.”

ಪಂಚಾಯತಿ ಹುಟ್ಟಿದಂದಿನಿಂದ ಆ ಗೋಡೆಗಳು ಇಂಥ ಮಾತು ಕೇಳಿರಲಿಲ್ಲ. ಮಿರ್ಚಿಯ ತಟ್ಟೆ ಹಿಡಿದು ಬಂದ ಅಂಗಡಿಯವನು ಬಾಗಿಲಲ್ಲೇ ನಿಂತ. ಚೇರ್ಮನ್ನರು ತಾಯಪ್ಪನನ್ನು ವಿಚಿತ್ರವಾಗಿ ನೋಡಿ, ಇದು ನಿನ್ನ ಒಳ್ಳೆಯದಕ್ಕೇ ಇದೆ, ಸುಮ್ಮನೆ ಕೂಡು ಅಂದರು. ತಾಯಪ್ಪ ಕಿಟಕಿಯ ಕಡೆ ನೋಡಿದ. ಹೇಳಿರಲಿಲ್ಲವೇ ಎಂಬಂತೆ ಭರಮಣ್ಣ ತಲೆಯಾಡಿಸಿದ. ಅಲ್ಲಿಗೆ ತಾಯಪ್ಪನಿಗೆ ಧೈರ್ಯ ಬಂತು.

“ಮೊದಲು ಓದ್ತೀನಿ ತಡಿಯೋ,” ಅಂದ ಅಂಜಿನಯ್ಯ.

“ಓದೋದು ಬ್ಯಾಡ್ರಿ. ಎರಡು ವರ್ಸ ಓದಲಾರದ ಒಪ್ಪೀವಿ. ಇವತ್ತು ಓದಲಾರದ ಬ್ಯಾಡ ಅಂತೀವಿ. ಪಂಚಾಯತಿ ಜಾಗ ಒಬ್ಬನ ಪಾಲಾದ್ರ ಊರಿಗೆ ಅನ್ಯಾಯ. ಕೈ ಎತ್ತಸ್ರಿ.”

ದುರುಗಣ್ಣ ಮೇಜು ಕುಟ್ಟಿದ. ಬಸಕ್ಕ, ಕುರ್ಚಿಯ ಋಣ ತೀರಿಸುವವಳಂತೆ, ಕೈ ಎತ್ತಸ್ರಿ ಎಂದು ಗದರಿದಳು. ಉಚ್ಚೆಂಗಪ್ಪನವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಗದ್ದಲ ಅವರ ಮಾತನ್ನು ನುಂಗಿತು. ಕಡೆಗೆ ಕೈ ಎತ್ತಿಸಿದರು. ತಾಯಪ್ಪ, ದುರುಗಣ್ಣ, ಬಸಕ್ಕ, ಎಲ್ಲಮ್ಮ, ಗುಡ್ಡಪ್ಪ. ಹುಲುಗಪ್ಪ ಅಣ್ಣನ ಕೈ ನೋಡಿ ತನ್ನ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ತಾಯಪ್ಪ ಅವನನ್ನು ಎಷ್ಟು ದೀನವಾಗಿ ನೋಡಿದನೆಂದರೆ, ಅವನು ಮುಖ ಆಚೆ ತಿರುಗಿಸಿಕೊಂಡು ಒಂದು ಬೆರಳನ್ನಷ್ಟೇ ಎತ್ತಿದ. ಬೆರಳೂ ಕೈಯೇ ಎಂದು ಕಿಟಕಿಯಿಂದ ಕಾನೂನು ಬಂತು. ಆರಕ್ಕೆ ಐದು. ಒಂಬತ್ತನೇ ವಿಷಯ ಬಿದ್ದುಹೋಯಿತು.

ತಾಯಪ್ಪನ ಕಣ್ಣಲ್ಲಿ ನೀರು ಬಂದವು. ತನ್ನ ಜನ್ಮದಲ್ಲಿ ಗೆದ್ದದ್ದು ಅವನಿಗೆ ನೆನಪಿರಲಿಲ್ಲ. ಮೆಂಬರಾಗಿದ್ದು ಕೂಡ ಎದುರು ಯಾರೂ ನಿಲ್ಲದೆ ಇದ್ದದ್ದಕ್ಕೆ. ಉಳಿದ ಐದು ವಿಷಯಗಳು ಯಾವಾಗ ಮುಗಿದವೋ ಅವನಿಗೆ ಗೊತ್ತಾಗಲಿಲ್ಲ. ಮಿರ್ಚಿ ತಿನ್ನುತ್ತ, ಇನ್ನು ಜಂಬಪ್ಪ ತನ್ನ ಗೋಡೌನನ್ನು ಎಲ್ಲಾದರೂ ಕಟ್ಟಿಕೊಳ್ಳಲಿ ಅಂದ.

ಅಂಜಿನಯ್ಯ ಪೆನ್ನು ಕೆಳಗಿಟ್ಟ. “ಗೋಡೌನು ನಿನ್ನ ಕಣದಾಗ ಕಟ್ಟಾಕ ಹೋದ ತಿಂಗಳ ಒಪ್ಪೀವಲ್ಲೋ. ನೀನೂ ಆತು ಅಂದಿ. ಇವತ್ತು ಮೊದಲನೇ ವಿಷಯದಾಗ ಅದನ್ನ ಗಟ್ಟಿ ಮಾಡಿದ್ದೂ ನಿನ್ನ ಸೂಚನೆ ಮ್ಯಾಲ.”

“ಮತ್ತ ಒಂಬತ್ತನೇದು?”

ಅಂಜಿನಯ್ಯ ಆಗ ಓದಿದ. ಅವನ ಸರಕಾರಿ ಕನ್ನಡಕ್ಕೆ ಅಂದು ಯಾರೂ ನಿದ್ದೆ ಹೋಗಲಿಲ್ಲ. ಸದರಿ ಕಣದ ಜಾಗವು ಗೋಡೌನಿಗೆ ಹೋಗಿರುವ ಕಾರಣ, ಅದರ ಬದಲಾಗಿ ಶಾಲೆಯ ಮುಂದಿನ ಮೂವತ್ತು ನಲವತ್ತರ ಜಾಗವನ್ನು ಶ್ರೀ ತಾಯಪ್ಪ ಇವರ ಹೆಸರಿಗೆ ಕಾಯಂ ಹಕ್ಕುಪತ್ರದೊಂದಿಗೆ ಪುಕ್ಕಟೆಯಾಗಿ ಕೊಡುವುದು. ಕೊನೆಯಲ್ಲಿ ಈಗಷ್ಟೇ ಸೇರಿಸಿದ ಒಂದು ಸಾಲಿತ್ತು. ಒಬ್ಬನ ಪಾಲಾದರೆ ಊರಿಗೆ ಅನ್ಯಾಯವೆಂದು ಶ್ರೀ ತಾಯಪ್ಪ ಇವರೇ ವಿರೋಧಿಸಿದ್ದರಿಂದ ಬಹುಮತದಿಂದ ತಿರಸ್ಕರಿಸಿದೆ.

ಮತ್ತೊಮ್ಮೆ ಕೈ ಎತ್ತಿಸಿ ಎಂದು ತಾಯಪ್ಪ ಅಂಗಲಾಚಿದ. ಬಿದ್ದ ವಿಷಯವನ್ನು ಆರು ತಿಂಗಳು ಎತ್ತುವಂತಿಲ್ಲವೆಂದು ಅಂಜಿನಯ್ಯ ಬುಕ್ಕು ಮುಚ್ಚಿ ಬಸ್ಸಿಗೆ ಓಡಿದ. ಚೇರ್ಮನ್ನರು, ಇದನ್ನು ಸಭೆಯ ತನಕ ಯಾರಿಗೂ ಹೇಳುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೆ ಎಂದಷ್ಟೇ ಹೇಳಿ ಎದ್ದುಹೋದರು. ಕಿಟಕಿಯಲ್ಲಿ ಭರಮಣ್ಣ ಇರಲಿಲ್ಲ. ಅವನು ತನ್ನ ಕುರ್ಚಿಗಳನ್ನೂ ಕೇಳದೆ ಮನೆ ಸೇರಿದ್ದ.

ಆರು ಗಂಟೆಯ ಬಸ್ಸಿನಿಂದ ಹೊಳೆಮ್ಮ ಇಳಿದಳು. ತಲೆಯ ಮೇಲೆ ತಂಗಿ ಕೊಟ್ಟ ಸೀತಾಫಲದ ಗಂಟು, ಮುಖದ ತುಂಬ ನಗು. ಬಸ್ಸು ನಿಲ್ಲುವಲ್ಲಿ ಕಾದಿದ್ದ ಗಂಡನ ಕೆಸರು ಧೋತರ ನೋಡಿದರೂ ಅದನ್ನು ಕೇಳಲಿಲ್ಲ.

“ಒಂಬತ್ತನೇದು ಪಾಸಾತಿಲ್ಲ?” ಅಂದಳು.

ಅದು ನಿನಗೆ ಹೇಗೆ ಗೊತ್ತು ಎಂದು ತಾಯಪ್ಪ ಕೇಳಿದ. ಆಕೆ ಗಂಟನ್ನು ಕೆಳಗಿಳಿಸಿ, ಒಂದು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿದಳು. ಕಣ ಹೋದ ಸುದ್ದಿ ಆಕೆಗೆ ಮೊದಲು ತಿಳಿದದ್ದು ಚೇರ್ಮನ್ನರ ಹೆಂಡತಿ ಸುವರ್ಣಮ್ಮನಿಂದ. ಹೊಳೆಮ್ಮ ಎಂಟು ದಿನ ಕೂಲಿ ತೆಗೆದುಕೊಳ್ಳದೆ ಕಾಲುವೆಯ ಮೇಲಿನ ಸುವರ್ಣಮ್ಮನ ಒಣಹೊಲದಲ್ಲಿ ಹತ್ತಿ ಬಿಡಿಸಿದ್ದಳು. ಅದಕ್ಕೆ ಸುವರ್ಣಮ್ಮ ಗಂಡನ ಬೆನ್ನು ಹತ್ತಿ ಶಾಲೆಯ ಮುಂದಿನ ಜಾಗಕ್ಕೆ ಒಪ್ಪಿಸಿದ್ದಳು. ಊರಿನವರ ಕಿವಿಗೆ ಬಿದ್ದರೆ ಹತ್ತು ಮಂದಿ ಅಡ್ಡ ಬರುತ್ತಾರೆಂದು ಹೊಳೆಮ್ಮ ಯಾರಿಗೂ ಬಾಯಿ ಬಿಟ್ಟಿರಲಿಲ್ಲ, ಗಂಡನಿಗೂ.

ತಾಯಪ್ಪನಿಗೆ ಅಲ್ಲೇ ಕಾಲುವೆಗೆ ಹಾರಿಬಿಡೋಣ ಅನ್ನಿಸುವಷ್ಟು ನಾಚಿಕೆಯಾಯಿತು. ಪಾಸಾಗಲಿಲ್ಲ, ಆರು ಕೈ ವಿರೋಧ ಬಿದ್ದವು ಎಂದ. ಅಷ್ಟನ್ನು ಹೇಳುವ ಹೊತ್ತಿಗೇ ಅವನಿಗೆ ಸಾಕುಸಾಕಾಗಿತ್ತು.

ಹೊಳೆಮ್ಮ ಅಳಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

“ಆ ಆರು ಮಂದಿ ಯಾರ್ಯಾರು ಹೇಳು. ಒಬ್ಬೊಬ್ಬರ ಮನಿ ಮುಂದ ನಿಂತು ಕೇಳ್ತೀನಿ. ಇವತ್ತ ಕೇಳ್ತೀನಿ.”

ತಾಯಪ್ಪ ನೆಲ ನೋಡುತ್ತ ಹೆಸರು ಹೇಳತೊಡಗಿದ. ದುರುಗಣ್ಣ ಅಂದ, ಆಕೆ ಒಂದು ಬೆರಳು ಮಡಚಿದಳು. ಬಸಕ್ಕ, ಎಲ್ಲಮ್ಮ, ಗುಡ್ಡಪ್ಪ. ಹುಲುಗಪ್ಪನ ಹೆಸರಿಗೆ ಒಂದು ಕೈಯ ಬೆರಳು ಮುಗಿದವು. ಆಕೆ ಇನ್ನೊಂದು ಕೈಯ ಹೆಬ್ಬೆರಳು ಎತ್ತಿ ಹಿಡಿದು, ಆರನೆಯವನು ಯಾರು ಎಂದು ಕೇಳಿದಳು.

ತಾಯಪ್ಪ ಸೀತಾಫಲದ ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು, ಆಕೆಗಿಂತ ನಾಲ್ಕು ಹೆಜ್ಜೆ ಮುಂದೆ, ಮನೆಯ ಕಡೆ ಸರಸರನೆ ನಡೆಯತೊಡಗಿದ.