ಗುಂಡಿ ಇಲ್ಲದ ಅಂಗಿ, ಮೊರದ ಕಾಲರು

ನಗಬೇಕೆಂದು ನಮ್ಮ ಮನೆಯಲ್ಲಿ ಯಾರೂ ಟೀವಿ ಹಾಕುವುದಿಲ್ಲ. ಹಾಕಿದ ಮೇಲೆ ನಗದೆ ಎದ್ದವರೂ ಇಲ್ಲ. ನಾನು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಯಾರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಾನು ತಮಿಳುನಾಡಿನ ಬೋಡಿನಾಯಕನೂರಿನಲ್ಲಿ ಬ್ಲೌಸು ಹೊಲಿಯುವವಳು. ನಮ್ಮ ಮನೆಯವರು ಒಡ್ಡನ್‌ಛತ್ರಂ ಮಾರ್ಕೆಟ್ಟಿಗೆ ತರಕಾರಿ ಲಾರಿ ಓಡಿಸುತ್ತಾರೆ. ಇನ್ನು ಅತ್ತೆ, ಕಾಲೇಜಿಗೆ ಹೋಗುವ ಮಗಳು. ಹೊಸಿಲ ಒಳಗೆ ನಮ್ಮದು ಕನ್ನಡ, ಹೊರಗೆ ತಮಿಳು. ಎಷ್ಟೋ ತಲೆಮಾರಿನಿಂದ ಹೀಗೇ. ಮಗಳಿಗೆ ಮನೆಮಾತು ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಜ್ಜಿಯನ್ನೂ ತಮಿಳರ ಹಾಗೆ ‘ಅಪ್ಪತ್ತಾ’ ಎಂದೇ ಕರೆಯುತ್ತಾಳೆ. “ನಾನು ಕಣ್ಣು ಮುಚ್ಚೋದ್ರೊಳ್ಗೆ ಒಂದ್ಸಲ ನನ್ನ ಅಜ್ಜಿ ಅನ್ಲಿ” ಎನ್ನುವುದು ಅತ್ತೆಯ ಒಂದೇ ಆಸೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಒಳಗಿಟ್ಟು ಹೊಲಿದರೋ?

ಭಾನುವಾರ ಸಂಜೆ, ತಮಿಳಿಗೆ ಡಬ್ ಮಾಡಿದ ಒಂದು ಧಾರಾವಾಹಿ ಬರುತ್ತದೆ. ಒಂದು ನೌಕೆ ಆಕಾಶದಲ್ಲಿ ಗ್ರಹದಿಂದ ಗ್ರಹಕ್ಕೆ ಹೋಗುತ್ತಿರುತ್ತದೆ, ಅಷ್ಟೇ ಕಥೆ. ನಾವು ಅದನ್ನು ಎಷ್ಟು ಗೇಲಿ ಮಾಡುತ್ತೇವೋ ಅಷ್ಟೇ ಪ್ರೀತಿಯಿಂದ ನೋಡುತ್ತೇವೆ. ಆ ಹೊತ್ತಿಗೆ ನೆಂಟರು ಬಂದರೆ ಅವರೂ ಬಾಯಿ ಮುಚ್ಚಿಕೊಂಡು ನೋಡಬೇಕು.

ನೌಕೆಯ ಯಜಮಾನನಿಗೆ ಮೈಗಂಟಿದ ಬೆಳ್ಳಿ ಬಣ್ಣದ ಅಂಗಿ. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬಟ್ಟೆ. ಗುಂಡಿಯಿಲ್ಲ, ಕೊಂಡಿಯಿಲ್ಲ, ಜಿಪ್ಪಿಲ್ಲ. ಅತ್ತೆ ನನ್ನ ಕಡೆ ತಿರುಗಿದರು.

“ಏನಮ್ಮಾ, ನೀನು ಒಲಿಯೋಳಲ್ವಾ, ನೀನೇ ಯೋಳು. ಇವ್ನು ಇದ್ನ ಎಂಗೆ ಆಕ್ಕೊಂಡ? ಒಳ್ಗೆ ನಿಲ್ಲಿಸ್ಬುಟ್ಟು ಒಲ್ದವ್ರಾ?”

“ಅವ್ವಾ, ಅದು ಮುಂದಿನ ಕಾಲದ ಬಟ್ಟೆ” ಎಂದರು ನಮ್ಮ ಮನೆಯವರು.

ಅತ್ತೆ ಬಿಡಲಿಲ್ಲ. “ಸರಿ. ಮುಂದಿನ ಕಾಲದಾಗೆ ಯಾರ್ಗೂ ಒಂದಕ್ಕೆ ಬರಲ್ವಾ?”

ನೆನ್ನೆ ಇಳಿದವನ ತಮಿಳು

ಪ್ರತಿ ವಾರ ಆ ನೌಕೆ ಕೆಡಲೇಬೇಕು. ಕೆಟ್ಟರೆ ಗುರುತಿಲ್ಲದ ಗ್ರಹದಲ್ಲಿ ಇಳಿಯಬೇಕು, ರಿಪೇರಿ ಆಗುವವರೆಗೆ ಅಲ್ಲೇ ಇರಬೇಕು. ಯಾವ ಗ್ರಹವಾದರೂ ಅದೇ ಒಂದು ಬಂಡೆ. ಮೇಲೆ ಬಣ್ಣ ಮಾತ್ರ ಬೇರೆ. “ಬತ್ತಲಗುಂಡು ದಾಟೋದ್ರಾಗೆ ಮೂರು ಕಿತ ನಿಂತೋದ್ರೆ ಆ ಗಾಡೀನ ಮಾರ್ಬುಡ್ಬೇಕು” ಎಂದು, ಮಾರ್ಕೆಟ್ಟಿಗೆ ಆ ಊರು ದಾಟಿಯೇ ಹೋಗುವ ನಮ್ಮ ಮನೆಯವರಿಗೆ ಪ್ರತಿ ವಾರವೂ ಸಂಕಟ.

ಒಮ್ಮೆ ಆ ಬಂಡೆಯ ಹಿಂದಿನಿಂದ ಹಸಿರು ಮೋರೆಯವನೊಬ್ಬ ಬಂದು ಅಚ್ಚ ತಮಿಳಿನಲ್ಲಿ ಮಾತಾಡಿದ. ಅತ್ತೆಗೆ ತಡೆಯಲಾಗಲಿಲ್ಲ. “ನಾವು ತಾತ ಮುತ್ತಾತನ ಕಾಲ್ದಿಂದ ಇಲ್ಲಿಯೋರೆ. ಇವತ್ಗೂ ನನ್ನ ತಮಿಳು ಕೇಳಿ ಪಕ್ಕದ ಬೀದಿಯೋರು ನಗ್ತಾರೆ. ಈ ಪಚ್ಚೆ ಮೂತಿಯೋನು ಯಾವ ಇಸ್ಕೂಲಾಗೆ ಓದ್ದ?”

ಮಗಳು ತಮಿಳಿನಲ್ಲೇ ವಿವರಿಸಿದಳು: “ಅಪ್ಪತ್ತಾ, ನೌಕೆಯವರ ಹತ್ತಿರ ಒಂದು ಮಿಷಿನ್ ಇದೆ. ಯಾವ ಮಾತನ್ನಾದರೂ ಬದಲಾಯಿಸಿಬಿಡುತ್ತದೆ.”

“ಅಂಗಾ? ಅದ್ನ ಒಂದಿನ ಈಸ್ಕೊಂಡು ಬಾ. ನಿನ್ನ ಬಾಯಿಗೆ ಕಟ್ತೀನಿ.”

ಮೊರದ ಕಾಲರು

ಕಾಲೇಜಿನ ಹಬ್ಬಕ್ಕೆ ಮಗಳು, ಅವಳ ಗೆಳತಿಯರು ಸೇರಿ ಇಂಥ ಧಾರಾವಾಹಿಗಳನ್ನೇ ಗೇಲಿ ಮಾಡುವ ಒಂದು ನಾಟಕ ಕಟ್ಟಿದರು. ಮಗಳು ಅನ್ಯಗ್ರಹದ ರಾಣಿ. ಉಡುಪು ನನ್ನ ಪಾಲಿಗೆ ಬಂತು. ಬೆಳ್ಳಿ ಬಣ್ಣದ ಲೈನಿಂಗ್ ಬಟ್ಟೆಯಲ್ಲಿ ಹೊಲಿದು, ಅತ್ತೆಯ ಮಾತಿಗೆ ಮರ್ಯಾದೆ ಕೊಟ್ಟು ಉದ್ದಕ್ಕೂ ಜಿಪ್ಪು ಇಟ್ಟೆ. ತಲೆಗೆ ಕೊಂಬಾಗಿ ಲಾರಿಯ ಹಳೆಯ ವೈಪರು. ರಾಣಿಯರಿಗೆ ಕುತ್ತಿಗೆಯ ಹಿಂದೆ ದೊಡ್ಡ ಕಾಲರು ನಿಂತಿರಬೇಕಲ್ಲ, ಅದಕ್ಕೆ ಅತ್ತೆ ಅಕ್ಕಿ ಕೇರುವ ಮೊರ. ಮೊರವನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ಅತ್ತೆಯೂ ನಮ್ಮ ಜೊತೆ ಕಾಲೇಜಿರುವ ತೇನಿಯ ಬಸ್ಸು ಹತ್ತಿದರು.

ನಾಟಕದಲ್ಲಿ ರಾಣಿ ಯಾರಿಗೂ ತಿಳಿಯದ ಭಾಷೆಯಲ್ಲಿ ಗರ್ಜಿಸಬೇಕು. ಭೂಮಿಯವಳಾದ ಗೆಳತಿ, ಕೈಯಲ್ಲಿ ತಗಡಿನ ಡಬ್ಬಿ ಹಿಡಿದು, ಅದನ್ನು ತಮಿಳಿಗೆ ತರಬೇಕು. ಆ ಡಬ್ಬಿಯೇ ಮಿಷಿನ್. ಭಾಷೆಯೆಂದು ‘ಝಿಂಗ ಝಾಂಗ’ ಎಂದೇನೋ ಬರೆದುಕೊಂಡಿದ್ದರು. ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡುವುದು ಕಷ್ಟ. ವೇದಿಕೆಗೆ ಬಂದವಳಿಗೆ ಎಲ್ಲ ಮರೆತೇಹೋಯಿತು. ಬಾಯಿ ತೆರೆದಳು, ಮುಚ್ಚಿದಳು. ಹಿಂದಿನ ಸಾಲಿನಿಂದ ಶಿಳ್ಳೆ ಶುರುವಾಯಿತು. ಅಷ್ಟರಲ್ಲಿ ರಾಣಿ ಸೊಂಟದ ಮೇಲೆ ಕೈಯಿಟ್ಟಳು. ಅತ್ತೆ ಬೆಳಗಾದರೆ ಅವಳನ್ನೇ ಬೈಯುವ ಮಾತು, ಅದೇ ರಾಗದಲ್ಲಿ ಹೊರಬಂತು.

“ಏನೇ, ಒತ್ತಾರೆ ಎದ್ದು ಬಾಗ್ಲಿಗೆ ನೀರಾಕಿದ್ಯಾ? ಕರೂಗೆ ಉಲ್ಲಾಕಿದ್ಯಾ? ತಲೆ ಕೆದ್ರಿಕೊಂಡು ಮರ ನಿಂತಂಗೆ ನಿಂತಿದೀಯಲ್ಲ!”

ಡಬ್ಬಿಯವಳು ಒಂದು ಕ್ಷಣ ಬೆಚ್ಚಿದಳು, ಆಮೇಲೆ ಗಂಭೀರವಾಗಿ ತಮಿಳಿನಲ್ಲಿ ಹೇಳಿದಳು: “ಭೂಮಿಯನ್ನು ಸುಟ್ಟು ಬೂದಿ ಮಾಡುತ್ತಾರಂತೆ.” ಜನ ಚಪ್ಪಾಳೆ ತಟ್ಟಿದರು.

ಅತ್ತೆಗೆ ನಾಟಕ ಮರೆತುಹೋಯಿತು. ಎದ್ದು ನಿಂತರು. “ಎಲ್ಲಾ ಆಕಿವ್ನಿ ತಾಯೀ! ನೀನು ಮೊದ್ಲು ಆ ಮೊರ ಬಗ್ಗಿಸ್ಬೇಡ!”

ಇಡೀ ಸಭೆ ತಿರುಗಿ ನೋಡಿತು. ರಾಣಿ ಕೊಂಬು ಸರಿಮಾಡಿಕೊಂಡು, ಅಷ್ಟೇ ಜೋರಾಗಿ ಕೂಗಿದಳು: “ಬಗ್ಗಿಸಲ್ಲ ಅಜ್ಜೀ, ಕುಂತ್ಕೋ!”

ಅತ್ತೆ ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಮಾತ್ರ ಕಂಡಿತು; ಉಳಿದವರೆಲ್ಲ ನಗುತ್ತಿದ್ದರು.

ನಾಟಕ ಮುಗಿದ ಮೇಲೆ, ಬಾಗಿಲ ಹತ್ತಿರ ಒಬ್ಬ ಹುಡುಗಿ ಅತ್ತೆಯನ್ನು ತಡೆದು ತಮಿಳಿನಲ್ಲಿ ಕೇಳಿದಳು: “ಅಪ್ಪತ್ತಾ, ನೀವೂ ರಾಣಿಯ ಗ್ರಹದವರಾ?”

ಅತ್ತೆ ಮೊರವನ್ನು ಕಂಕುಳಲ್ಲಿ ಸರಿಯಾಗಿ ಇಟ್ಟುಕೊಂಡು, ತಮ್ಮ ಆ ನಗೆಪಾಟಲಿನ ತಮಿಳಿನಲ್ಲೇ ಹೇಳಿದರು:

“ಹೌದು ಕಂದಾ. ನಾವು ಇಳಿದು ಬಹಳ ಕಾಲವಾಯಿತು. ಬಂದ ಗಾಡಿ ಇನ್ನೂ ರಿಪೇರಿ ಆಗಿಲ್ಲ.”