ಚೆನ್ನಾಗಿದೆ ಅಂದ ಕಾಳು

ಕರಡು ತಿದ್ದುವವನ ಹೊಟ್ಟೆ ಉಬ್ಬಿದ್ದು ಅರೆಬೆಂದ ಕಾಳಿನಿಂದ. ಬೇಯಿಸಿದವರು ಅವನು ಕೆಲಸ ಮಾಡುವ ಮುದ್ರಣಾಲಯದ ಹಿರಿಯ ಮೆಷಿನ್‌ಮನ್. ಹೆಂಡತಿ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಬರೀ ಬ್ರೆಡ್ಡು ತಿಂದುಕೊಂಡಿದ್ದ ಅವರು, ಅದೊಂದು ದಿನ ಧೈರ್ಯಮಾಡಿ ಒಲೆ ಹಚ್ಚಿ, ಕಾಳು ಬೇಯಿಸಿ ತಂದು, ಮೊದಲ ಚಮಚ ಇವನಿಗೇ ಕೊಟ್ಟಿದ್ದರು. ಆ ಮುಖ ನೋಡಿ ಇವನು ಬಹಳ ಚೆನ್ನಾಗಿದೆ ಅಂದುಬಿಟ್ಟ. ಆಮೇಲೆ ದಿನಾ ಇವನ ಪಾಲಿನದೂ ಒಂದು ಡಬ್ಬಿ ಬರತೊಡಗಿತು. ನಾಲಿಗೆಗೆ ಗೊತ್ತಾಗುವ ಮೊದಲೇ ಗಬಗಬ ನುಂಗಿಬಿಡುತ್ತಿದ್ದ.

ಈ ದಿನ ಊಟ ಮುಗಿಸಿ ಕೂತದ್ದೇ ತಡ, ಹೊಟ್ಟೆ ಫುಟ್‌ಬಾಲಿನಂತಾಯಿತು. ಬೆಲ್ಟು ಸಡಿಲಿಸಿದ್ದನ್ನು ಬೈಂಡಿಂಗಿನ ಅಕ್ಕ ನೋಡಿದಳು. ಸುದ್ದಿ ಇಡೀ ಪ್ರೆಸ್ಸಿಗೆ ಹಬ್ಬಿತು. ಮ್ಯಾನೇಜರು ಸೋಡಾ ತರಿಸಿ ಕುಡಿಸಿದರು. ಅದು ಒಳಗಿದ್ದ ಗಾಳಿಯ ಜೊತೆ ನೆಂಟಸ್ತನ ಬೆಳೆಸಿತು. ಅಕ್ಕ ಬಿಸಿನೀರಿನ ಬಾಟಲಿ ಹೊಟ್ಟೆಗೆ ಕಟ್ಟಿದಳು. ಗುಮಾಸ್ತರು ಕೈಹಿಡಿದು ಮೆಷಿನ್ನಿನ ಸುತ್ತ ನಡೆಸಿದರು. ಏನು ತಿಂದೆ ಅಂತ ಎಲ್ಲರೂ ಕೇಳುವವರೇ. ಮೆಷಿನ್‌ಮನ್ ಪಕ್ಕದಲ್ಲೇ ನಿಂತಿದ್ದರಿಂದ, ನಿದ್ದೆ ಸಾಲದು ಅಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಗಡಗಡ ಎನ್ನುತ್ತಿದ್ದ ಮೆಷಿನ್ನು ತಟಕ್ಕನೆ ನಿಂತು, ಅದರ ಸದ್ದಿನ ಮರೆಯಲ್ಲಿ ಇವನು ನಿಶ್ಚಿಂತೆಯಿಂದ ಬಿಡುತ್ತಿದ್ದ ಗಾಳಿ, ಹಳೇ ಬಟ್ಟೆ ಹರಿದ ಹಾಗೆ ಎಲ್ಲರ ಕಿವಿಗೂ ಬಿತ್ತು.

"ನಂದು ಕಣ್ರಯ್ಯ. ವಯಸ್ಸಾಯ್ತು," ಅಂದರು ಮೆಷಿನ್‌ಮನ್, ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ.

ಇಂಥವರಿಗೆ ಕಾಳು ಬೇಡ ಅಂತ ಹೇಳುವುದು ಹೇಗೆ? ಸಂಜೆ ಡಾಕ್ಟರಮ್ಮನ ಹತ್ತಿರ ಅದನ್ನೇ ಕೇಳಿದ. ಆಕೆ ಹೊಟ್ಟೆ ತಟ್ಟಿ ನೋಡಿ, ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಬೇಕು, ನಿಧಾನವಾಗಿ ಅಗಿದು ತಿನ್ನಬೇಕು, ಸೋಡಾ ಮುಟ್ಟಬಾರದು ಅಂದರು. ನಡೆದಾಡಿದ್ದೊಂದೇ ಸರಿಯಂತೆ.

"ಆದ್ರೆ ಮೊದಲು ಅವರಿಗೆ ನಿಜ ಹೇಳಿಬಿಡಿ."

ಮನಸ್ಸು ಗಟ್ಟಿಮಾಡಿಕೊಂಡು ಹೊರಗೆ ಬಂದರೆ, ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಾರೆ ಮೆಷಿನ್‌ಮನ್. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಹೊಟ್ಟೆಯನ್ನೊಬ್ಬರು ನೋಡಿದರು.

"ನಿಮಗೂನಾ ಅಣ್ಣ?"

"ಆ ಕಾಳು ನನಗೆ ಯಾವತ್ತೂ ಆಗಿಬರಲ್ಲಪ್ಪ. ನೀನು ಅಷ್ಟು ಆಸೆಯಿಂದ ತಿಂತೀಯಲ್ಲ, ಹೇಗೆ ನಿಲ್ಲಿಸೋದು ಅಂತ..."

ಇವನಿಗೆ ನಗು ಬಂತು, ಕಣ್ಣೂ ತುಂಬಿತು. ತನಗೂ ಆಗುವುದಿಲ್ಲವೆಂದು ಕೊನೆಗೂ ಹೇಳಿಬಿಟ್ಟ. ಮುದುಕರು ಎಷ್ಟು ನಕ್ಕರೆಂದರೆ ಬೆಂಚು ಅಲುಗಿತು. ಎದೆಯ ಮೇಲಿನ ಭಾರ ಇಳಿದಂತಾಗಿ ಇವನು ಪಕ್ಕದಲ್ಲೇ ಕೂತ.

"ಸದ್ಯ, ಒಳ್ಳೇದಾಯ್ತು. ನಾಳೆಯಿಂದ ಕಾಳು ಬೇಡ," ಎಂದು ಮೆಷಿನ್‌ಮನ್ ಇವನ ತೊಡೆ ತಟ್ಟಿದರು. "ಎಲೆಕೋಸು, ಆಲೂಗಡ್ಡೆ ಮಾಡೋದು ಕಲಿತಿದೀನಿ. ದೊಡ್ಡ ಡಬ್ಬೀಲಿ ತರ್ತೀನಿ. ತಿಂತೀಯಲ್ಲ?"

ಅವರ ಮುಖ ನೋಡಿದ. ಅದೇ ಮುಖ.

"ಕೋಸು ಅಂದ್ರೆ ನನಗೆ ಪ್ರಾಣ ಅಣ್ಣ," ಅಂದ.

ಔಷಧಿಯ ಕಿಟಕಿಯಲ್ಲಿದ್ದ ಹೆಂಗಸು ಇದನ್ನು ಕೇಳಿಸಿಕೊಂಡು, ಇವನಿಗಾಗಿ ಕಟ್ಟುತ್ತಿದ್ದ ಪೊಟ್ಟಣಕ್ಕೆ ಇನ್ನೊಂದಿಷ್ಟು ಗ್ಯಾಸಿನ ಮಾತ್ರೆ ಸೇರಿಸಿದಳು.